ಗುಂಡಿ ತೋಡುವ ಮೊದಲೇ ಅಳತೆ: ಗುಂಪಿಗೊಂದು ಹಗುರ ಲ್ಯಾಪ್‌ಟಾಪ್

ಅಡಿಕೆ ತೋಟದಲ್ಲಿ ಎರಡು ಬಗೆಯ ಕೆಲಸ ಉಂಟು. ಗೊಬ್ಬರ, ಸೊಪ್ಪು, ನೀರು ಈ ವರ್ಷ ಕಮ್ಮಿಯಾದರೆ ಮುಂದಿನ ವರ್ಷ ಸರಿಪಡಿಸಿಕೊಳ್ಳಬಹುದು. ಗಿಡದ ಅಂತರ ಹಾಗಲ್ಲ. ಒಂಬತ್ತು ಅಡಿ ಬೇಕಾದಲ್ಲಿ ಆರು ಅಡಿಗೆ ನೆಟ್ಟರೆ ಮರ ಎದ್ದ ಮೇಲೆ ಮಾಡುವಂಥದ್ದು ಏನೂ ಇಲ್ಲ. ಹಗುರ ಲ್ಯಾಪ್‌ಟಾಪ್ ಕೊಳ್ಳುವುದೂ ಹೀಗೆಯೇ. ಅದರಲ್ಲಿ ಕೆಲವು ಭಾಗ ಗೊಬ್ಬರದ ಹಾಗೆ, ಕೆಲವು ಅಂತರದ ಹಾಗೆ. ಯಾವುದು ಯಾವ ಸಾಲಿಗೆ ಸೇರಿದ್ದು ಎಂದು ದುಡ್ಡು ಕೊಡುವ ಮೊದಲೇ ತಿಳಿದುಕೊಂಡರೆ ಅರ್ಧ ಗೆದ್ದ ಹಾಗೆ.

ನಮ್ಮದು ಹನ್ನೊಂದು ಮನೆಗಳ ಸಣ್ಣ ಗುಂಪು. ಕಾಳುಮೆಣಸನ್ನು ಒಟ್ಟಿಗೆ ತೂಗಿ, ಒಟ್ಟಿಗೆ ಮಾರುತ್ತೇವೆ. ಯಾರದು ಎಷ್ಟು ಕಿಲೋ, ತೇವ ಎಷ್ಟು, ದುಡ್ಡು ಎಷ್ಟು ಬಂತು, ಎಷ್ಟು ಬಾಕಿ ಎಂಬ ಲೆಕ್ಕವೆಲ್ಲ ಒಂದು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿತ್ತು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಹಳೆಯ ಪ್ರೊಸೆಸರ್ ಆ ಪಟ್ಟಿಯಲ್ಲೇ ಇಲ್ಲ. ಹೊಸದು ಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. ಮನೆಗೆ 6,500 ರೂಪಾಯಿಯಂತೆ 71,500 ಒಟ್ಟಾಯಿತು. ಒಂದು ಮನೆಯವರು ಮದ್ದು ಬಿಡುವವರ ಸಂಬಳಕ್ಕೆಂದು ಇಟ್ಟಿದ್ದ ದುಡ್ಡನ್ನೇ ತಂದು ಕೊಟ್ಟರು. ಗುಂಪಿನ ಹಿರಿಯರು ಹೇಳಿದ್ದು ಒಂದೇ ಮಾತು: "ಏಳು ವರ್ಷ ಬರ್ಬೇಕು. ನಡುವಲ್ಲಿ ಮತ್ತೆ ವಂತಿಗೆ ಕೇಳ್ಲಿಕ್ಕೆ ಬರ್ಬೇಡಿ ಮಾರಾಯ್ರೆ."

ಖರೀದಿಯ ಕೆಲಸ ನನ್ನ ಮತ್ತು ಇನ್ನಿಬ್ಬರ ಮೇಲೆ ಬಿತ್ತು. ಒಂದು ತಿಂಗಳು ಓದಿ, ಕೇಳಿ, ಅಂಗಡಿ ಸುತ್ತಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕೆಲಸದ ಪಟ್ಟಿ

ಪಂಪ್ ಕೊಳ್ಳುವಾಗ ಬಾವಿ ಎಷ್ಟು ಆಳ, ನೀರು ಎಷ್ಟು ಎತ್ತರಕ್ಕೆ ಹೋಗಬೇಕು ಎಂದು ಮೊದಲು ನೋಡುತ್ತೇವೆ. ಎಚ್.ಪಿ. ಆಮೇಲಿನ ಮಾತು. ಅದೇ ರೀತಿ ನಾವು ಒಂದು ಹಾಳೆಯಲ್ಲಿ ಕೆಲಸಗಳನ್ನು ಬರೆದೆವು. ಎಕ್ಸೆಲ್ ಲೆಕ್ಕ, ಕನ್ನಡದಲ್ಲಿ ಸಭೆಯ ನಡಾವಳಿ, ಪಹಣಿ ತೆಗೆಯುವುದು, ಬ್ಯಾಂಕಿನ ಕೆಲಸ, ಜಿಎಸ್‌ಟಿ ರಿಟರ್ನ್, ತೋಟದ ಫೋಟೋ ಇಡುವುದು, ಅಪರೂಪಕ್ಕೆ ವಿಜ್ಞಾನಿಗಳ ಜೊತೆ ವಿಡಿಯೋ ಮಾತು. ಇಷ್ಟೇ. ಸಿನಿಮಾ ಎಡಿಟಿಂಗ್ ಇಲ್ಲ, ಆಟ ಇಲ್ಲ.

ಇನ್ನೊಂದು ಮುಖ್ಯ ಸಂಗತಿ ಎಂದರೆ ಯಂತ್ರ ಒಂದೇ ಕಡೆ ಕೂರುವುದಿಲ್ಲ. ತೂಕದ ದಿನ ಗೋದಾಮಿಗೆ, ತಿಂಗಳ ಸಭೆಗೆ ಒಬ್ಬೊಬ್ಬರ ಮನೆಗೆ, ವರ್ಷಕ್ಕೊಮ್ಮೆ ಆಡಿಟರ ಹತ್ತಿರ. ಹೋಗುವುದು ಸ್ಕೂಟರಿನಲ್ಲಿ, ಮಳೆಗಾಲವೂ ಸೇರಿ. ಹಗುರ ಬೇಕಾದದ್ದು ಈ ಕಾರಣಕ್ಕೆ, ಚಂದಕ್ಕಲ್ಲ. 14 ಇಂಚಿನ ಹಗುರ ಯಂತ್ರ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ ತೂಗುತ್ತದೆ. ಯಂತ್ರ ಮನೆ ಬಿಟ್ಟು ಹೊರಡುವುದೇ ಇಲ್ಲ ಎಂದಾದರೆ ತೆಳ್ಳಗಿನದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ದಪ್ಪದ್ದೇ ಸಾಕು, ರಿಪೇರಿಯೂ ಸುಲಭ.

'ಬಿಸಿನೆಸ್' ಎಂದರೆ ಎಂತ?

ಒಂದೇ ಕಂಪನಿ ಮನೆಬಳಕೆಗೊಂದು, ಕಚೇರಿಗಳಿಗೊಂದು ಎಂದು ಎರಡು ಸಾಲು ಯಂತ್ರ ಮಾಡುತ್ತದೆ. ಲೆನೊವೊದ ಥಿಂಕ್‌ಪ್ಯಾಡ್, ಎಚ್‌ಪಿಯ ಪ್ರೋಬುಕ್ ಮತ್ತು ಎಲೀಟ್‌ಬುಕ್, ಡೆಲ್‌ನ ಲ್ಯಾಟಿಟ್ಯೂಡ್ ಎರಡನೆಯ ಸಾಲಿನವು. ಥಿಂಕ್‌ಪ್ಯಾಡನ್ನು 1992ರಲ್ಲಿ ಶುರುಮಾಡಿದ್ದು ಐಬಿಎಂ. 2005ರಲ್ಲಿ ಅದು ಲೆನೊವೊ ಕೈಗೆ ಬಂತು. ಡೆಲ್ 2025ರಲ್ಲಿ ಲ್ಯಾಟಿಟ್ಯೂಡ್ ಎಂಬ ಹೆಸರು ಬಿಟ್ಟು 'ಡೆಲ್ ಪ್ರೋ' ಎಂದು ಕರೆಯತೊಡಗಿತು.

ಈ ಸಾಲಿನ ಯಂತ್ರ ನೋಡಲಿಕ್ಕೆ ಕಪ್ಪು, ಸಪ್ಪೆ. ಗುಣ ಬೇರೆ ಕಡೆ ಉಂಟು. ಹಿಂದಿನ ಮುಚ್ಚಳ ಬಿಚ್ಚುವುದು ಹೇಗೆ, ಯಾವ ಭಾಗ ಎಲ್ಲಿ ಎಂದು ತೋರಿಸುವ ರಿಪೇರಿ ಕೈಪಿಡಿಯನ್ನು ಕಂಪನಿಯೇ ಎಲ್ಲರಿಗೂ ಸಿಗುವಂತೆ ಇಟ್ಟಿರುತ್ತದೆ. ಮನೆಗೇ ಬಂದು ರಿಪೇರಿ ಮಾಡುವ ವಾರಂಟಿಯನ್ನು ಮೂರು ವರ್ಷಕ್ಕೋ ಇನ್ನೂ ಹೆಚ್ಚಿಗೋ ಕೊಳ್ಳಬಹುದು. ಕೊಳ್ಳುವ ಮೊದಲು ಆ ಕೈಪಿಡಿಯನ್ನು ಒಮ್ಮೆ ತಿರುವಿ ಹಾಕಿ. ಇಂಗ್ಲಿಷ್ ಬಾರದಿದ್ದರೂ ಚಿತ್ರ ನೋಡಿದರೆ ಅರ್ಥವಾಗುತ್ತದೆ.

ಆಮೇಲೆ ಬದಲಿಸಲಾಗದ್ದು

ರ್‍ಯಾಮ್: ಇದೇ ನಿಜವಾದ 'ಗಿಡದ ಅಂತರ'. ಹಿಂದಿನ ಯಂತ್ರಗಳಲ್ಲಿ ರ್‍ಯಾಮ್ ಪಟ್ಟಿಯನ್ನು ಕಿತ್ತು ದೊಡ್ಡದು ಸಿಕ್ಕಿಸಬಹುದಿತ್ತು. ತೆಳ್ಳಗಿನ ಎಷ್ಟೋ ಯಂತ್ರಗಳಲ್ಲಿ ಅದನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಪಟ್ಟಿ ಸಿಕ್ಕಿಸುವ ಖಾನೆಗೆ ದಪ್ಪ ಬೇಕು ಎಂಬುದು ಒಂದು ಕಾರಣ, ಕಮ್ಮಿ ಕರೆಂಟು ತಿನ್ನುವ ಜಾತಿಯ ರ್‍ಯಾಮ್ ಬೆಸುಗೆಗೆಂದೇ ಮಾಡಿದ್ದು ಎಂಬುದು ಇನ್ನೊಂದು. ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್, ಟಿ14ಎಸ್ ಈ ಜಾತಿಯವು. ಅದೇ ಮನೆತನದ, ತುಸು ದಪ್ಪದ ಟಿ14ರ 2024ರ ಮಾದರಿಯಲ್ಲಿ ಕಿತ್ತು ಹಾಕಬಹುದಾದ ಎರಡು ಖಾನೆ ಉಂಟು. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ, ಒಳಗೆ ಬೇರೆಯೇ ಸಂಗತಿ.

ಕಂಪನಿಯ ವಿವರಪಟ್ಟಿಯಲ್ಲಿ ರ್‍ಯಾಮ್ ಎದುರು 'ಸೋಲ್ಡರ್ಡ್' ಎಂದಿದ್ದರೆ ಬೆಸುಗೆ, 'ಸ್ಲಾಟ್' ಎಂದಿದ್ದರೆ ಖಾನೆ. ಬೆಸುಗೆಯದ್ದಾದರೆ ಏಳು ವರ್ಷಕ್ಕೆ ಬೇಕಾದಷ್ಟನ್ನು ಮೊದಲ ದಿನವೇ ತೆಗೆದುಕೊಳ್ಳಬೇಕು. ವಿಂಡೋಸ್ 11 ನಡೆಯಲು 4 ಜಿಬಿ ಸಾಕೆಂದು ಕಂಪನಿ ಹೇಳುತ್ತದೆ. ನಾಲ್ಕೂವರೆ ಅಡಿ ಹಾಸಿಗೆಯಲ್ಲೂ ಮಲಗಬಹುದು, ಕಾಲು ಮಡಚಿದರೆ! ನಮ್ಮ ಕೆಲಸಕ್ಕೆ 8 ಇಂದು ನಡೆದೀತು, ಐದನೆಯ ವರ್ಷಕ್ಕೆ ಏದುಸಿರು ಬಿಟ್ಟೀತು. ಆದ್ದರಿಂದ 16 ಎಂದು ನಿಶ್ಚಯಿಸಿದೆವು. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಜೋರಾಗಿ ಏರಿತು. ಹಾಗಾಗಿ ತಿಂಗಳ ಹಿಂದಿನ ಕೊಟೇಶನ್ ನಂಬಿ ಕೂರಬೇಡಿ.

ಪರದೆ: ಒಂದೇ ಮಾದರಿಗೆ ಎರಡು ಮೂರು ಬಗೆಯ ಪರದೆ ಇರುತ್ತದೆ. ಬೆಳಕನ್ನು 'ನಿಟ್ಸ್' ಎಂಬ ಅಳತೆಯಲ್ಲಿ ಹೇಳುತ್ತಾರೆ. ಕಮ್ಮಿ ಬೆಲೆಯವು 250, 300, ಒಳ್ಳೆಯವು 400. ಕೋಣೆಯೊಳಗೆ ಇದರಲ್ಲಿ ದೊಡ್ಡ ವ್ಯತ್ಯಾಸ ಕಾಣದು. ಅಂಗಳದ ಬದಿಯ ಜಗಲಿಯಲ್ಲಿ, ಗೋದಾಮಿನ ಬಾಗಿಲಲ್ಲಿ ಕೂತರೆ ಗೊತ್ತಾಗುತ್ತದೆ. ಹೊಳಪಿನ ಪರದೆ ಬೇಡ, ಪ್ರತಿಬಿಂಬ ಕಾಣದ ಮಂಕು ಮೈಯದ್ದೇ ಕೇಳಿ. 1920ಕ್ಕೆ 1200 ಚುಕ್ಕಿಯ ಪರದೆಯಲ್ಲಿ 1080ರದ್ದಕ್ಕಿಂತ ಒಂಬತ್ತನೇ ಒಂದು ಪಾಲು ಎತ್ತರ ಜಾಸ್ತಿ. ಲೆಕ್ಕದ ಹಾಳೆಯಲ್ಲಿ ಅಷ್ಟು ಹೆಚ್ಚು ಸಾಲು ಕಾಣುತ್ತದೆ. ಹಳೆಯ 1366ಕ್ಕೆ 768ರ ಪರದೆಯಲ್ಲಿ ನಮ್ಮ ಒತ್ತಕ್ಷರಗಳು ಸಣ್ಣಕ್ಕೆ ಕಲಸಿಹೋಗುತ್ತವೆ. ಅಂಗಡಿಯಲ್ಲಿ 'ಕಾಳುಮೆಣಸಿನ ಲೆಕ್ಕಪತ್ರ' ಎಂದು ಸಣ್ಣ ಅಕ್ಷರದಲ್ಲಿ ತೆರೆಸಿ ನೋಡಿ. ಇಂಗ್ಲಿಷ್ ಅಕ್ಷರ ನೋಡಿ ಪರದೆ ಪರೀಕ್ಷೆ ಮಾಡಿದರೆ ಸಾಲದು.

ತೂತುಗಳು: ತೆಳ್ಳಗಿನ ಕೆಲವು ಯಂತ್ರಗಳಲ್ಲಿ ಟೈಪ್-ಸಿ ತೂತು ಮಾತ್ರ. ಡಿಜಿಟಲ್ ಸಹಿಯ ಟೋಕನ್, ಪೆನ್‌ಡ್ರೈವ್, ಹಳೆಯ ಪ್ರಿಂಟರ್ ಎಲ್ಲಕ್ಕೂ ಹಳೆಯ ಚಪ್ಪಟೆ ಯುಎಸ್‌ಬಿ ತೂತು ಬೇಕು. ಅದು ಎರಡಾದರೂ ಇರಲಿ. ಟೈಪ್-ಸಿಯೂ ಎರಡು ಇರಲಿ, ಚಾರ್ಜ್ ಆಗುವುದು ಅದರಲ್ಲೇ. ಒಂದು ಸಡಿಲವಾದರೆ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ. ಆ ತೂತು ಮದರ್‌ಬೋರ್ಡಿಗೇ ಅಂಟಿಕೊಂಡಿದ್ದರೆ ರಿಪೇರಿ ದುಬಾರಿ.

ಸಿಮ್: ಕೆಲವು ಮಾದರಿಗೆ ಮೊಬೈಲಿನಂತೆ ಸಿಮ್ ಹಾಕುವ ಸೌಲಭ್ಯ ಉಂಟು. ಇದರ ಆಂಟೆನಾ ತಂತಿ ಪರದೆಯ ಅಂಚಿನಲ್ಲಿ ಮೊದಲೇ ಎಳೆದಿರಬೇಕು. ಇಲ್ಲದ ಯಂತ್ರಕ್ಕೆ ಆಮೇಲೆ ಹಾಕಿಸುವುದು ಆಗುಹೋಗುವ ಮಾತಲ್ಲ. ಮೊಬೈಲಿನ ಹಾಟ್‌ಸ್ಪಾಟ್ ಸಾಕೆಂದು ನಾವು ಬಿಟ್ಟೆವು. ನಿಮ್ಮಲ್ಲಿ ದಿನವಿಡೀ ಸಿಮ್ ಮೇಲೆಯೇ ಕೆಲಸ ಎಂದಾದರೆ ಮೊದಲೇ ಯೋಚಿಸಿ.

ಆಮೇಲೆ ಬದಲಿಸಬಹುದಾದದ್ದು

ಎಸ್ಎಸ್‌ಡಿ, ಅಂದರೆ ಕಡತಗಳ ಉಗ್ರಾಣ, ಈ ಸಾಲಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಿತ್ತು ಬದಲಿಸುವಂಥದ್ದು. ಒಂದು ಸ್ಕ್ರೂ ಬಿಚ್ಚಿದರೆ ಆಯಿತು. ನಮ್ಮ ಲೆಕ್ಕದ ಕಡತಗಳು ಹತ್ತು ವರ್ಷದ್ದು ಸೇರಿದರೂ ಒಂದು ಜಿಬಿ ಆಗಲಿಲ್ಲ! ಜಾಗ ತಿನ್ನುವುದು ಫೋಟೋ, ವಿಡಿಯೋ. 512 ಜಿಬಿ ಧಾರಾಳ. ದುಡ್ಡು ಮುಗ್ಗಟ್ಟಾದರೆ 256 ತೆಗೆದುಕೊಂಡು, ಉಳಿದದ್ದನ್ನು ರ್‍ಯಾಮಿಗೂ ಪರದೆಗೂ ಹಾಕಿ.

ಬ್ಯಾಟರಿಯೂ ಬದಲಿಸುವಂಥದ್ದೇ. ಮೂರು ನಾಲ್ಕು ವರ್ಷಕ್ಕೆ ಅದು ಸೊರಗುವುದು ಸಹಜ. ಕೈಪಿಡಿಯಲ್ಲಿ ಅದು ಸ್ಕ್ರೂ ಮೇಲೆ ಕೂತಿದೆಯೋ ಅಂಟು ಹಾಕಿದ್ದಾರೋ ನೋಡಿ. ಬ್ಯಾಟರಿಯ ಶಕ್ತಿಯನ್ನು ವ್ಯಾಟ್-ಅವರ್‌ನಲ್ಲಿ ಬರೆದಿರುತ್ತಾರೆ. ಲೆಕ್ಕ ಸುಲಭ: ಬರವಣಿಗೆ, ಲೆಕ್ಕದ ಕೆಲಸಕ್ಕೆ ಯಂತ್ರ ಸುಮಾರು 10 ವ್ಯಾಟ್ ತಿಂದರೆ 50 ವ್ಯಾಟ್-ಅವರ್ ಬ್ಯಾಟರಿ ಐದು ಗಂಟೆ ಬರುತ್ತದೆ. 'ಹದಿನೆಂಟು ಗಂಟೆ' ಎಂಬ ಜಾಹೀರಾತನ್ನು ಈ ತಕ್ಕಡಿಯಲ್ಲಿ ತೂಗಿ ನೋಡಿ.

ದುಡ್ಡು ಉಳಿಸಿದ್ದು ಎಲ್ಲಿ?

ಒಂದು ಅಂಗಡಿಯವರು "ಐ7 ತಗೊಳ್ಳಿ ಸರ್, ಫ್ಯೂಚರ್‌ಗೆ ಒಳ್ಳೇದು" ಎಂದು ಬಹಳ ಒತ್ತಾಯ ಮಾಡಿದರು. ಹದಿನೈದು ಅಡಿ ಬಾವಿಗೆ ಹತ್ತು ಎಚ್.ಪಿ. ಪಂಪ್ ಇಟ್ಟ ಹಾಗೆ. ತೆಳು ಮೈಯೊಳಗೆ ಬಿಸಿ ಹೊರಹೋಗಲು ಜಾಗ ಕಮ್ಮಿ. ದೊಡ್ಡ ಪ್ರೊಸೆಸರ್ ಬಿಸಿಯಾದೊಡನೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕೊಟ್ಟ ದುಡ್ಡಿನ ವೇಗ ಪೂರ್ತಿ ಸಿಗುವುದಿಲ್ಲ. ಇಂಟೆಲ್‌ನ ಐ5 ಅಥವಾ ಎಎಂಡಿಯ ರೈಝನ್ 5, ಹೆಸರಿನ ಕೊನೆಗೆ 'ಯು' ಅಕ್ಷರ ಇರುವುದು ನಮ್ಮಂಥವರಿಗೆ ಸಾಕು. 'ಯು' ಎಂದರೆ ಕಮ್ಮಿ ಕರೆಂಟಿನದ್ದು, 'ಎಚ್' ಎಂದರೆ ಹೆಚ್ಚು ಬಿಸಿಯದ್ದು. ಇಂಟೆಲ್ 2023ರ ಕೊನೆಯಿಂದ ಹೊಸ ಪ್ರೊಸೆಸರುಗಳ ಹೆಸರಿನಲ್ಲಿದ್ದ 'ಐ' ಕಿತ್ತುಹಾಕಿ 'ಕೋರ್ 5', 'ಕೋರ್ ಅಲ್ಟ್ರಾ 5' ಎಂದು ಕರೆಯತೊಡಗಿತು. ಹೆಸರು ಹೊಸದಾದ ಮಾತ್ರಕ್ಕೆ ಒಳಗಿನದೆಲ್ಲ ಹೊಸದು ಎಂದು ತಿಳಿಯಬಾರದು.

ಮುಟ್ಟುವ ಪರದೆಯನ್ನೂ ಬಿಟ್ಟೆವು. ಬೆರಳಚ್ಚಿನಿಂದ ತೆರೆಯುವ ಸೌಲಭ್ಯಕ್ಕೆ ಬೇರೆ ದುಡ್ಡು ಕೇಳಿದರೆ ಅದೂ ಬೇಡ. ಅಡಿಕೆ ಸುಲಿದು, ರಬ್ಬರ್ ಹಾಲಿಗೆ ಆಸಿಡ್ ಬೆರೆಸಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಹಿಡಿಯುವುದು ಕಷ್ಟ. ಪಡಿತರಕ್ಕೆ ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾದವರಿಗೆ ಇದು ವಿವರಿಸಬೇಕಾಗಿಲ್ಲ. ಗುಟ್ಟಿನ ಸಂಖ್ಯೆಯೇ ವಾಸಿ. ಆದರೆ ನೀರು ಚೆಲ್ಲಿದರೂ ತಡೆದುಕೊಳ್ಳುವ, ಕತ್ತಲಲ್ಲಿ ಬೆಳಗುವ ಕೀಲಿಮಣೆಗೆ ದುಡ್ಡು ಕೊಟ್ಟೆವು. ಕರೆಂಟು ಹೋದ ಸಂಜೆ ಅದರ ಬೆಲೆ ತಿಳಿಯುತ್ತದೆ.

ವಾರಂಟಿ ಕಾಗದದ ಮೇಲಲ್ಲ, ಪಿನ್‌ಕೋಡಿನ ಮೇಲೆ

ವಾರಂಟಿಯಲ್ಲಿ ಎರಡು ಬಗೆ. ಯಂತ್ರವನ್ನು ನಾವೇ ಸರ್ವಿಸ್ ಕೇಂದ್ರಕ್ಕೆ ಹೊತ್ತುಕೊಂಡು ಹೋಗುವುದು ಒಂದು, ಮೆಕ್ಯಾನಿಕ್ ನಮ್ಮಲ್ಲಿಗೆ ಬರುವುದು ಇನ್ನೊಂದು. ಎರಡನೆಯದಕ್ಕೆ ಆನ್‌ಸೈಟ್ ಎನ್ನುತ್ತಾರೆ. ಹಳ್ಳಿಯವರಿಗೆ ಇದೇ ಬೇಕು. ಆದರೆ 'ಆನ್‌ಸೈಟ್' ಎಂಬ ಪದ ಓದಿ ಸಮಾಧಾನಪಡಬೇಡಿ. ನಿಮ್ಮ ಊರಿನ ಪಿನ್‌ಕೋಡ್ ಹೇಳಿ, "ಇಲ್ಲಿಗೆ ಬರ್ತೀರಾ, ಎಷ್ಟು ದಿನದಲ್ಲಿ?" ಎಂದು ಕಂಪನಿಗೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ನಾವು ಮೂರು ವರ್ಷದ್ದು ತೆಗೆದುಕೊಂಡೆವು. ಪ್ರೊಸೆಸರಿನಲ್ಲಿ ಉಳಿದದ್ದು ಇಲ್ಲಿಗೆ ಸಂದಿತು.

ಮಾಮೂಲು ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ಬಿದ್ದು ಒಡೆದರೆ, ನೀರು ಹೋದರೆ ಇಲ್ಲ. ಅದಕ್ಕೆ ಬೇರೆ ರಕ್ಷಣೆ ಕೊಳ್ಳಬೇಕು. 'ಸೈನ್ಯದ ಪರೀಕ್ಷೆ ಪಾಸಾದ ಯಂತ್ರ' ಎಂಬ ಜಾಹೀರಾತು ವಾರಂಟಿ ಅಲ್ಲ.

ಕರೆಂಟು, ಗುಡುಗು, ತೇವ

ಲ್ಯಾಪ್‌ಟಾಪಿನ ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದು ಬರೆದಿರುತ್ತದೆ. ನಮ್ಮಲ್ಲಿ ಸಂಜೆ ವೋಲ್ಟೇಜ್ 160ಕ್ಕೆ ಇಳಿದರೂ ಅದಕ್ಕೆ ಚಿಂತೆಯಿಲ್ಲ, ಸ್ಟೆಬಿಲೈಸರ್ ಬೇಡ. ಹಳೆಯ ಡೆಸ್ಕ್‌ಟಾಪ್, ಮಾನಿಟರ್ ಸೇರಿ ನೂರು ವ್ಯಾಟಿನ ಆಸುಪಾಸು ತಿನ್ನುತ್ತಿದ್ದಲ್ಲಿ ಇದಕ್ಕೆ ಅದರ ಹತ್ತರಲ್ಲೊಂದು. ಮನೆಯ ಇನ್ವರ್ಟರಿಗೆ ಹೊರೆಯೇ ಅಲ್ಲ.

ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಗುಡುಗು ಮಾತ್ರ ಬೇರೆ ವಿಷಯ. ಮೋಡ ಕಪ್ಪಾದೊಡನೆ ಅಡಾಪ್ಟರನ್ನು ಗೋಡೆಯಿಂದಲೇ ಕಿತ್ತಿಡಿ, ನೆಟ್‌ವರ್ಕ್ ತಂತಿ ಇದ್ದರೆ ಅದನ್ನೂ. ಸ್ವಿಚ್ ಆಫ್ ಮಾಡಿದರೆ ಸಾಲದು. ಬ್ಯಾಟರಿ ಇರುವುದರಿಂದ ಕೆಲಸ ನಿಲ್ಲುವುದಿಲ್ಲ. ಲ್ಯಾಪ್‌ಟಾಪಿನ ದೊಡ್ಡ ಲಾಭವೇ ಇದು.

ದಿನವಿಡೀ ಚಾರ್ಜಿಗೆ ಇಡುವವರು ಶೇಕಡಾ 80ಕ್ಕೆ ನಿಲ್ಲುವಂತೆ ಮಾಡಿಕೊಳ್ಳಿ. ಬಿಸಿನೆಸ್ ಸಾಲಿನ ಯಂತ್ರಗಳಲ್ಲಿ ಈ ವ್ಯವಸ್ಥೆ ಇರುತ್ತದೆ, ಕೊಳ್ಳುವಾಗಲೇ ತೋರಿಸಲು ಹೇಳಿ. ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಮಳೆಗಾಲದಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡಬೇಡಿ. ದಿನಕ್ಕೆ ಅರ್ಧ ಗಂಟೆ ನಡೆದರೂ ಅದರ ಬಿಸಿಗೇ ತೇವ ಆರುತ್ತದೆ.

ಕನ್ನಡಕ್ಕೆ ಏನು ಬೇಕು?

ಬೇರೆ ಯಂತ್ರ ಬೇಡ. ವಿಂಡೋಸ್ 11ರ ಒಳಗೇ ಕನ್ನಡದ ಕೀಲಿಮಣೆಗಳು ಉಂಟು. ನುಡಿಗೆ ಒಗ್ಗಿದವರು ನುಡಿಯನ್ನೇ ಹಾಕಿಕೊಳ್ಳಬಹುದು. ಅದರ ಕೀಲಿ ವಿನ್ಯಾಸ ನಮ್ಮ ಕರಾವಳಿಯವರೇ ಆದ ಕೆ.ಪಿ. ರಾವ್ ರೂಪಿಸಿದ್ದು. ಇಂಗ್ಲಿಷ್ ಅಕ್ಷರದ ಉಚ್ಚಾರ ಹಿಡಿದೇ ಒತ್ತುವುದರಿಂದ ಕೀಲಿಗಳ ಮೇಲೆ ಕನ್ನಡ ಚೀಟಿ ಅಂಟಿಸುವುದೂ ಬೇಡ. ಒಂದು ಎಚ್ಚರಿಕೆ: ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಮಾಡಿದ ಕಡತ ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗಿ ಕಾಣಬಹುದು. ಹಾಳಾಯಿತೆಂದು ಅಳಿಸಬೇಡಿ. ಯೂನಿಕೋಡಿಗೆ ಬದಲಿಸುವ ತಂತ್ರಾಂಶ ಉಂಟು. ಹಳೆಯ ಯಂತ್ರ ಬದುಕಿರುವಾಗಲೇ ಬದಲಿಸಿಕೊಳ್ಳಿ.

ಬಳಸಿದ್ದು ಕೊಳ್ಳಬಹುದೇ?

ಅಷ್ಟು ದುಡ್ಡು ಹೊಂದಿಸಲಾಗದವರಿಗೆ ಇದು ಒಳ್ಳೆಯ ದಾರಿ. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರೋಡಿನಂಥಲ್ಲಿ ಸಿಗುತ್ತವೆ. ಆದರೆ ಹಸು ಕೊಳ್ಳುವಾಗ ಹಲ್ಲು ನೋಡಿದ ಹಾಗೆ ನಾಲ್ಕು ನೋಡಿ. ಒಂದು, ಇಂಟೆಲ್ ಆದರೆ ಎಂಟನೆಯ ತಲೆಮಾರು ಅಥವಾ ನಂತರದ್ದು. ಹಳೆಯದಕ್ಕೆ ವಿಂಡೋಸ್ 11 ಇಲ್ಲ. ಎರಡು, ವಿಂಡೋಸ್‌ನ ಬ್ಯಾಟರಿ ವರದಿ ತೆಗೆಸಿ, ಹೊಸತರಲ್ಲಿ ಎಷ್ಟಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂದು ಹೋಲಿಸಿ. ಮೂರು, ಬಯೋಸ್‌ಗೆ ಪಾಸ್‌ವರ್ಡ್ ಇರಬಾರದು. ನಾಲ್ಕು, ಇಂಟರ್ನೆಟ್ ಜೋಡಿಸಿ ಹೊಸದಾಗಿ ವಿಂಡೋಸ್ ತೊಡಗಿಸಿದಾಗ ಯಾವುದಾದರೂ ಕಂಪನಿಯ ಹೆಸರಿನ ಲಾಗಿನ್ ಪುಟ ಬಂದರೆ ಅಲ್ಲೇ ಬಿಟ್ಟು ಬನ್ನಿ. ಅದರ ಯಜಮಾನಿಕೆ ಇನ್ನೂ ಅವರದ್ದೇ.

ಕೊಟೇಶನ್ ಮತ್ತು ಮೊದಲ ದಿನ

'ಮಂಗಳ' ಎಂದು ಹೆಸರು ಹೇಳಿದ ಮಾತ್ರಕ್ಕೆ ಗಿಡ ಒಳ್ಳೆಯದಾಗುವುದಿಲ್ಲ, ಬೀಜ ಯಾವ ತಾಯಿಮರದ್ದು ಎಂದು ಕೇಳುತ್ತೇವೆ. ಲ್ಯಾಪ್‌ಟಾಪಿನಲ್ಲೂ ಒಂದೇ ಹೆಸರಿನಡಿ ಹತ್ತಾರು ಬಗೆ. ಆದ್ದರಿಂದ ಕೊಟೇಶನ್ನಿನಲ್ಲಿ ಪೂರ್ತಿ ಮಾಡೆಲ್ ನಂಬ್ರ, ರ್‍ಯಾಮ್ ಎಷ್ಟು, ಬೆಸುಗೆಯೋ ಖಾನೆಯೋ, ಪರದೆಯ ನಿಟ್ಸ್, ಬ್ಯಾಟರಿಯ ವ್ಯಾಟ್-ಅವರ್, ವಿಂಡೋಸ್ ಸೇರಿದೆಯೇ, ವಾರಂಟಿ ಎಷ್ಟು ವರ್ಷ ಮತ್ತು ಎಲ್ಲಿ ಎಂಬುದೆಲ್ಲ ಬರೆದಿರಬೇಕು. 18 ಶೇಕಡಾ ಜಿಎಸ್‌ಟಿ ಸೇರಿಸಿಯೇ ದರ ಕೇಳಿ. ನಾವು ಮೂರು ಅಂಗಡಿಗೆ ಒಂದೇ ಹಾಳೆ ಕೊಟ್ಟೆವು. ಎರಡು ಕಡೆಯಿಂದ ಬೇರೆ ಪರದೆಯ, ಒಂದೇ ವರ್ಷ ವಾರಂಟಿಯ ದರ ಬಂತು. ನೋಡಲಿಕ್ಕೆ ಅಗ್ಗ, ಸೇರಿಸಿ ನೋಡಿದರೆ ದುಬಾರಿ. ಮೂರನೆಯವರದ್ದು ಹಾಳೆಗೆ ಸರಿಹೊಂದಿತು, ಕೈಯಲ್ಲಿದ್ದ ದುಡ್ಡಿನಲ್ಲಿ ಚೀಲದ ಖರ್ಚೂ ಸೇರಿ ಮುಗಿಯಿತು.

ಮನೆಗೆ ಬಂದ ದಿನ ಮಾಡಬೇಕಾದ್ದು ಮೂರು. ಕಂಪನಿಯ ಪುಟದಲ್ಲಿ ಸೀರಿಯಲ್ ನಂಬ್ರ ಹಾಕಿ, ವಾರಂಟಿ ಮೂರು ವರ್ಷವೇ ಎಂದು ನೋಡಿ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿದಾಗ ಉಗ್ರಾಣಕ್ಕೆ ತಾನಾಗಿಯೇ ಬೀಗ ಬೀಳುವುದುಂಟು. ಅದರ 48 ಅಂಕಿಯ ಕೀಲಿಯನ್ನು ಕಾಗದದಲ್ಲಿ ಬರೆದು ನಡಾವಳಿ ಪುಸ್ತಕದ ಜೊತೆ ಇಡಿ. ಮದರ್‌ಬೋರ್ಡ್ ಬದಲಾದ ದಿನ ಯಂತ್ರ ಅದನ್ನೇ ಕೇಳುತ್ತದೆ, ಇಲ್ಲದಿದ್ದರೆ ಕಡತಗಳ ಆಸೆ ಬಿಡಬೇಕಾದೀತು. ಮೂರನೆಯದು, ಲೆಕ್ಕದ ಪ್ರತಿ ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಹೋಗಲಿ, ಆ ಪೆನ್‌ಡ್ರೈವ್ ಬೇರೆ ಮನೆಯಲ್ಲಿರಲಿ. ಯಂತ್ರ ಹೋದರೆ ದುಡ್ಡು ಹೋಯಿತು, ಅಷ್ಟೇ. ಹನ್ನೊಂದು ಮನೆಯ ಲೆಕ್ಕ ಹೋದರೆ ಹೋಗುವುದು ವಿಶ್ವಾಸ.

ಖರೀದಿಯ ವಿವರ, ಮೂರೂ ಕೊಟೇಶನ್, ಬಿಲ್ಲು ಎಲ್ಲವನ್ನೂ ಮುಂದಿನ ಸಭೆಯಲ್ಲಿ ಇಟ್ಟೆವು. "ಐ7 ಯಾಕೆ ತೆಗೊಂಡಿಲ್ಲ?" ಎಂದು ಒಬ್ಬ ಯುವಕ ಕೇಳಿದ. ಬಾವಿ ಮತ್ತು ಪಂಪಿನ ಲೆಕ್ಕ ಹೇಳಿದೆ, ಒಪ್ಪಿದ. ಏಳು ವರ್ಷದ ಮಾತನ್ನು ಈಗಲೇ ಹೇಳಲು ಬಾರದು. ಆದರೆ ಬದಲಿಸಲಾಗದ್ದನ್ನು ಸರಿಯಾಗಿ ಆರಿಸಿದ್ದೇವೆ, ಉಳಿದದ್ದಕ್ಕೆ ಗೊಬ್ಬರ ಹಾಕಿಕೊಳ್ಳಬಹುದು. ತೋಟದ ನಡುವೆ ಐದಾರು ವರ್ಷ ಇಂಥ ಯಂತ್ರ ಬಳಸಿದವರು ತಮ್ಮ ಅನುಭವ ಬರೆದರೆ ಉಳಿದ ಗುಂಪುಗಳಿಗೂ ದಾರಿ ತೋರಿಸಿದಂತಾದೀತು.